ಗಾರ್ಸೆಂಡಾ ಮಾತೆಯವರ ಕಂದು ಕೋಳಿ

ಫ್ರಾನ್ಸ್ ದೇಶದ ದಕ್ಷಿಣದ ಬೆಟ್ಟಸೀಮೆಯಲ್ಲಿ, ನದಿ ದಾಟುವ ಜಾಗದ ಪಕ್ಕದಲ್ಲೇ, ಪೂಜ್ಯ ಗಾರ್ಸೆಂಡಾ ಮಾತೆಯವರು ಯಾತ್ರಿಕರಿಗಾಗಿ ಒಂದು ಪುಟ್ಟ ಛತ್ರ ನಡೆಸುತ್ತಿದ್ದರು. ಕಲ್ಲಿನ ಗೋಡೆ, ಹುಲ್ಲಿನ ಸೂರು, ಒಳಗೆ ಒಣಹುಲ್ಲಿನ ಹಾಸಿಗೆಗಳು, ಅಂಗಳದಲ್ಲಿ ಒಂದು ಕರಿ ಕೋಳಿ, ಒಂದು ಕಂದು ಕೋಳಿ. ಅವರ ಐಶ್ವರ್ಯ ಇಷ್ಟೇ. ಬಂದವರ ಪಾದ ತೊಳೆಯುತ್ತ ಮಾತೆಯವರು ಯಾವ ಊರು ಎಂದು ಕೇಳುತ್ತಿದ್ದರು, ಹಸಿವೆಯೇ ಎಂದು ಕೇಳುತ್ತಿದ್ದರು. ಯಾವ ಪಕ್ಷದವರು ಎಂಬ ಪ್ರಶ್ನೆ ಆಗ ಎಲ್ಲರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಮಾತ್ರ ಅವರು ಯಾರನ್ನೂ ಕೇಳಿದವರಲ್ಲ.

ಅದು ಕ್ರೈಸ್ತರು ಕ್ರೈಸ್ತರನ್ನೇ ಕೊಲ್ಲುತ್ತಿದ್ದ ಕಾಲ. ಆ ಸೀಮೆಯಲ್ಲಿ ಕೆಲವರು ಯೇಸುಸ್ವಾಮಿಯನ್ನು ತಮ್ಮದೇ ರೀತಿಯಲ್ಲಿ ಆರಾಧಿಸುತ್ತಿದ್ದರು. ಜನ ಅವರನ್ನು ‘ಒಳ್ಳೆಯವರು’ ಎಂದು ಕರೆಯುತ್ತಿದ್ದರು. ದೀಕ್ಷೆ ಪಡೆದ ಒಳ್ಳೆಯವರು ಮಾಂಸ ಮುಟ್ಟುತ್ತಿರಲಿಲ್ಲ, ಸುಳ್ಳಾಡುತ್ತಿರಲಿಲ್ಲ, ಯಾವ ಪ್ರಾಣಿಯನ್ನೂ ಕೊಲ್ಲುತ್ತಿರಲಿಲ್ಲ. ಧರ್ಮಸಭೆಯ ಹಿರಿಯರ ಕಣ್ಣಿಗೆ ಇವರು ದಾರಿ ತಪ್ಪಿದವರು. ಇವರ ಮೇಲೆ ದಂಡೆತ್ತಿ ಹೋದವರ ಪಾಪಗಳೆಲ್ಲ ಪರಿಹಾರವಾಗುತ್ತವೆ ಎಂದು ಸಾರಲಾಯಿತು. ಎದೆಯ ಮೇಲೆ ಬಟ್ಟೆಯ ಶಿಲುಬೆ ಹೊಲಿದುಕೊಂಡ ಸೈನಿಕರು ಉತ್ತರದಿಂದ ತಂಡತಂಡವಾಗಿ ಇಳಿದು ಬಂದರು.

ಅವರಲ್ಲಿ ಥಿಬೋ ಎಂಬ ರೈತರ ಮನೆಯ ಮಗನೂ ಒಬ್ಬ. ಸಣ್ಣದೊಂದು ತುಕಡಿ ಅವನ ಕೈಕೆಳಗಿತ್ತು. ಒಂದು ಪಟ್ಟಣ ದಂಡಿನ ವಶವಾದ ದಿನ ಅವನು ಕತ್ತಿ ಹಿಡಿದು ಅಲ್ಲಿನ ದೇವಾಲಯಕ್ಕೆ ನುಗ್ಗಿದ್ದ. ಧೈರ್ಯಕ್ಕೆಂದು ಯೇಸುಪ್ರಭು ಕಲಿಸಿದ ಪ್ರಾರ್ಥನೆಯನ್ನು ಬಾಯಲ್ಲೇ ಗುನುಗುತ್ತಿದ್ದ. ಬಲಿಪೀಠದ ಬಳಿ ಮುದುಕನೊಬ್ಬ ಮೊಣಕಾಲೂರಿ ಅದೇ ಪ್ರಾರ್ಥನೆಯನ್ನು ಹೇಳುತ್ತಿದ್ದ. ಕ್ಷಮೆ ಬೇಡುವ ಸಾಲಿಗೆ ಬಂದಾಗ ಇಬ್ಬರ ದನಿಯೂ ಕೂಡಿಕೊಂಡಿತು. ಮರುಕ್ಷಣ ಮುದುಕನ ದನಿ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ಥಿಬೋನ ಕೈ.

ಅಂದಿನಿಂದ ಪ್ರಾರ್ಥನೆ ಆ ಸಾಲಿಗೆ ಬಂದರೆ ಸಾಕು, ಮುಂದಿನ ಪದ ಅವನ ಬಾಯಿಗೆ ಬರುತ್ತಿರಲಿಲ್ಲ. ಪಾಳೆಯದ ಗುರುಗಳಲ್ಲಿ ಹೇಳಿಕೊಂಡ. “ದಂಡಯಾತ್ರೆ ಮುಗಿಸು, ಎಲ್ಲ ತೊಳೆದುಹೋಗುತ್ತದೆ,” ಎಂದರು. ಅದನ್ನೇ ನಂಬಿ, ಕೊಟ್ಟ ಕೆಲಸವನ್ನೆಲ್ಲ ಎರಡು ಮಾತಾಡದೆ ಮಾಡುತ್ತಿದ್ದ. ಅಡುಗೆಗೆ ಕೋಳಿ ಕುಯ್ಯುವ ಸರದಿ ಬಂದಾಗ ಮಾತ್ರ ಏನಾದರೊಂದು ನೆಪ ಹೇಳಿ ಆಚೆ ಸರಿಯುತ್ತಿದ್ದ. ಯಾಕೆಂದು ತನ್ನನ್ನೇ ತಾನು ಕೇಳಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಅವನಿಗೆ ಅಪ್ಪಣೆಯಾಯಿತು. ನದಿಯ ಬಳಿಯ ಛತ್ರದಲ್ಲಿ ಒಳ್ಳೆಯವರು ಅಡಗಿದ್ದಾರಂತೆ, ಒಬ್ಬೊಬ್ಬರ ಕೈಗೂ ಕೋಳಿ ಕೊಡಬೇಕು, ಕತ್ತು ಮುರಿಯಲು ಹೇಳಬೇಕು, ಆಗದು ಎಂದವರನ್ನು ಕಟ್ಟಿ ತರಬೇಕು. ತಂದವರನ್ನು ಏನು ಮಾಡುತ್ತಾರೆಂದು ಹೇಳುವ ಅಗತ್ಯವಿರಲಿಲ್ಲ. ಪಾಳೆಯದ ಹಿಂದೆ ಸೌದೆ ಒಟ್ಟಿತ್ತು.

ಅಂದು ಛತ್ರದಲ್ಲಿ ಇದ್ದವರು ಇಬ್ಬರೇ. ಕಾಲು ಉಳುಕಿದ ಚಮ್ಮಾರ ಪೋನ್ಸ್, ಮತ್ತು ಜ್ವರ ಬಂದು ಮಲಗಿದ್ದ ರಿಕ್ಸೆಂಡಾ ಎಂಬ ವೃದ್ಧೆ. ತುಕಡಿಯವರು ಇಬ್ಬರನ್ನೂ ಅಂಗಳಕ್ಕೆ ಕರೆತಂದು ಕೂರಿಸಿದರು. ಮಾತೆಯವರು ಅಲ್ಲೇ ಒಲೆಯ ಮುಂದೆ ಬೇಳೆ ಬೇಯಿಸುತ್ತಿದ್ದರು. ತಲೆಯೆತ್ತಿ ನೋಡಿ, ಮತ್ತೆ ಸೌಟು ತಿರುವಿದರು.

ಥಿಬೋನ ಊರಿನವನೇ ಆದ, ಅವನ ಬಲಗೈಯಂತಿದ್ದ ಬೆರಾರ್ ಕರಿ ಕೋಳಿಯನ್ನು ಹಿಡಿದು ಚಮ್ಮಾರನ ಮಡಿಲಿಗೆ ಎಸೆದ.

“ಕೊಲ್ಲೋದೊಂದೇ ಸಾಕಾ ಸ್ವಾಮಿ, ಪುಕ್ಕಾನೂ ಕೀಳಬೇಕಾ?” ಎನ್ನುತ್ತಲೇ ಪೋನ್ಸ್ ಕೆಲಸ ಮುಗಿಸಿಬಿಟ್ಟ.

“ಇವನು ನಮ್ಮವನೇ!” ಎಂದು ಬೆರಾರ್ ನಕ್ಕ. ಕಂದು ಕೋಳಿಯನ್ನು ಅಟ್ಟಾಡಿಸಿ ಹಿಡಿದು ತಂದ. “ಏ ಅಜ್ಜಿ, ಈಗ ನಿನ್ನ ಸರದಿ. ಬೇಗ.”

ರಿಕ್ಸೆಂಡಾ ಕೋಳಿಯನ್ನು ತೆಗೆದುಕೊಂಡಳು. ಮಡಿಲಲ್ಲಿ ಕೂರಿಸಿಕೊಂಡು, ಕೆದರಿದ ಪುಕ್ಕವನ್ನು ಬೆರಳಿಂದ ಸರಿಮಾಡಿದಳು.

“ನನ್ನಿಂದ ಆಗೋದಿಲ್ಲಪ್ಪ,” ಎಂದಳು. “ಜ್ವರ ಇರೋದಕ್ಕೇ ಆಗೋದಿಲ್ಲ ಅಂತ ಹೇಳಬಹುದಿತ್ತು. ಆದರೆ ಅದು ಸುಳ್ಳಾಗುತ್ತೆ.”

ಬೆರಾರ್ ಸೊಂಟದ ಹಗ್ಗ ಬಿಚ್ಚಿದ. ಥಿಬೋ ಹೂಂ ಎಂದರೆ ಮುಗಿಯಿತು.

ಆಗ ಮಾತೆಯವರು ಸೌಟನ್ನು ಪಾತ್ರೆಯ ಅಂಚಿಗಿಟ್ಟು ಎದ್ದು ಬಂದರು. ರಿಕ್ಸೆಂಡಾಳ ಮಡಿಲಿಂದ ಕೋಳಿಯನ್ನು ಎತ್ತಿಕೊಂಡರು. ಅದರ ತಲೆಯನ್ನು ರೆಕ್ಕೆಯ ಕೆಳಗೆ ಮೆಲ್ಲನೆ ತೂರಿಸಿ, ಕ್ಷಣಹೊತ್ತು ಅಂಗೈಯಿಂದ ಒತ್ತಿ ಹಿಡಿದರು. ಕೋಳಿ ನಿದ್ದೆ ಬಂದಂತೆ ಸುಮ್ಮನಾಯಿತು. ಅದನ್ನು ಹಾಗೆಯೇ ಥಿಬೋನ ಕೈಗಳಲ್ಲಿ ಇಟ್ಟರು.

“ಶಿಲುಬೆಯನ್ನು ಎದೆಯ ಮೇಲೆ ಹೊಲಿದುಕೊಂಡಿದ್ದೀಯಲ್ಲ ಮಗನೇ,” ಎಂದರು. “ಮೊದಲು ನೀನು ತೋರಿಸು.”

ಬೆರಾರ್ ಮತ್ತೆ ನಕ್ಕ. ಥಿಬೋಗೂ ನಗುವ ಮಾತೇ ಆಗಿತ್ತು ಅದು. ಮನೆಯಲ್ಲಿ ಅಮ್ಮನಿಗೆ ಎಷ್ಟು ಕೋಳಿ ಕುಯ್ದುಕೊಟ್ಟಿರಲಿಲ್ಲ ಅವನು! ಬೆರಳುಗಳು ತಾವಾಗಿಯೇ ಕತ್ತನ್ನು ಹುಡುಕಿಕೊಂಡು ಹೋದವು. ಪುಕ್ಕದ ಕೆಳಗೆ ಮೈ ಬೆಚ್ಚಗಿತ್ತು. ಹೆಬ್ಬೆರಳಿನಡಿ ಏನೋ ಸಣ್ಣಗೆ, ಬೇಗಬೇಗ ಮಿಡಿಯುತ್ತಿತ್ತು. ಕೋಳಿ ಕೊಸರಲಿಲ್ಲ, ಕೂಗಲಿಲ್ಲ. ಆ ಮುದುಕನೂ ತಿರುಗಿ ನೋಡಿರಲಿಲ್ಲ.

ಎಲ್ಲರೂ ಕಾದರು. ಒಲೆಯ ಮೇಲೆ ಬೇಳೆ ಕೊತಕೊತ ಕುದಿಯುವುದು ಕೇಳುತ್ತಿತ್ತು.

ಥಿಬೋನ ಬೆರಳುಗಳು ಸಡಿಲವಾದವು. ಕೋಳಿ ತಲೆ ಹೊರಗೆಳೆದು, ಧೊಪ್ಪನೆ ನೆಲಕ್ಕಿಳಿದು, ಮೈ ಕೊಡವಿಕೊಂಡು ಹೋಯಿತು.

“ಏನಣ್ಣ,” ಬೆರಾರ್ ತಮಾಷೆಗೆ ಶುರುಮಾಡಿದ, “ನೀನೂ ಅವರ ಪೈಕಿನಾ...” ಥಿಬೋನ ಮುಖ ನೋಡಿದವನೇ ಅರ್ಧಕ್ಕೇ ಬಾಯಿ ಮುಚ್ಚಿದ.

“ಪರೀಕ್ಷೆ ಅಂದಮೇಲೆ ಎಲ್ಲರಿಗೂ ಒಂದೇ,” ಥಿಬೋ ಎರಡೂ ಕೈಗಳನ್ನು ಮುಂದೆ ಚಾಚಿದ. “ಹಗ್ಗ ಬಿಚ್ಚಿದ್ದೀಯಲ್ಲ, ಮೊದಲು ನನ್ನನ್ನ ಕಟ್ಟು.”

“ಹುಚ್ಚು ಹಿಡೀತೇನಣ್ಣ ನಿಂಗೆ? ನಿನ್ನ ಕಟ್ಟಿ ಎಳ್ಕೊಂಡು ಹೋಗಿ, ಆಮೇಲೆ ನಿಮ್ಮಮ್ಮನಿಗೆ ಯಾವ ಮುಖ ತೋರಿಸಲಿ ನಾನು?”

“ಹಾಗಾದರೆ ಈ ಅಜ್ಜಿಯನ್ನೂ ಮುಟ್ಟಬೇಡ.”

ಬೆರಾರ್ ಹಗ್ಗವನ್ನೂ ನೋಡಿದ, ಗೆಳೆಯನನ್ನೂ ನೋಡಿದ. ಹಗ್ಗವನ್ನು ಸುತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. “ದಳಪತಿಗಳು ಕೇಳಿದರೆ?”

“ಛತ್ರದಲ್ಲಿ ಕಾಯಿಲೆಯವರು ಬಿಟ್ಟು ಯಾರೂ ಇಲ್ಲ ಅನ್ನು. ನಾನೂ ಕಾಯಿಲೆ ಬಿದ್ದು ಇಲ್ಲೇ ಉಳಿದೆ ಅನ್ನು. ಅದು ಸುಳ್ಳಲ್ಲ.”

ತುಕಡಿ ನದಿ ದಾಟಿ ಹೊರಟುಹೋಯಿತು. ಥಿಬೋ ಮಾತೆಯವರ ಮುಂದೆ ಕುಸಿದು ಕುಳಿತ. ದೇವಾಲಯದಲ್ಲಿ ನಡೆದದ್ದನ್ನು ಹೇಳಿದ, ಮುದುಕನ ದನಿ ನಿಂತದ್ದನ್ನು ಹೇಳಿದ. “ದಂಡಯಾತ್ರೆಯನ್ನೂ ಅರ್ಧಕ್ಕೇ ಬಿಟ್ಟೆ ತಾಯೀ. ಇನ್ನು ನನಗೆ ಕ್ಷಮೆ ಎಲ್ಲಿಂದ ಸಿಗಬೇಕು?”

ಮಾತೆಯವರು ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೇಳಿದರು: “ಕೈ ತೊಳೆದುಕೊಂಡು ಬಾ. ರಿಕ್ಸೆಂಡಾಗೆ ಇನ್ನೂ ಊಟವಾಗಿಲ್ಲ.”

ಥಿಬೋ ಕೈ ತೊಳೆದುಕೊಂಡ. ಬಟ್ಟಲಿನಲ್ಲಿ ಬೇಳೆ ಹಾಕಿಕೊಂಡು ಒಳಗೆ ಹೋಗಿ, ಮತ್ತೆ ಹಾಸಿಗೆಗೆ ಮರಳಿದ್ದ ವೃದ್ಧೆಯ ಪಕ್ಕ ಕುಳಿತ. ಅವಳು ಉಣ್ಣುವ ಮುಂಚೆ ಕಣ್ಣುಮುಚ್ಚಿ ಪ್ರಾರ್ಥಿಸತೊಡಗಿದಳು. ಪ್ರಭು ಕಲಿಸಿದ ಅದೇ ಪ್ರಾರ್ಥನೆ. ಅವನಿಗರಿವಿಲ್ಲದೆಯೇ ಅವನ ತುಟಿಗಳೂ ಅಲುಗಿದವು. ಕ್ಷಮೆ ಬೇಡುವ ಸಾಲು ಬಂತು. ಅವನ ದನಿ ನಿಂತಿತು.

ರಿಕ್ಸೆಂಡಾ ಕಣ್ಣು ತೆರೆಯಲಿಲ್ಲ. ತಾನೂ ಅಲ್ಲಿಗೇ ನಿಲ್ಲಿಸಿ, ಅವನಿಗಾಗಿ ಕಾದಳು. ಬಾಗಿಲ ಬಳಿ ಮಾತೆಯವರೂ ಕಾದರು.

ಬಟ್ಟಲಿನ ಹಬೆ ಆರುತ್ತ ಬಂತು. ಕೊನೆಗೆ ಥಿಬೋ ಆ ಸಾಲನ್ನು ಉಚ್ಚರಿಸಿದ, ಆಗ ತಾನೇ ಮಾತು ಕಲಿತವನಂತೆ, ಒಂದೊಂದೇ ಪದವಾಗಿ. ವೃದ್ಧೆಯ ದನಿ ಅವನ ದನಿಯನ್ನು ಕೂಡಿಕೊಂಡಿತು. ಈ ಸಲ ಎರಡೂ ದನಿಗಳು ಆಮೆನ್‌ವರೆಗೂ ಹೋದವು.