ಪಡುವಣ ಬಾಗಿಲಿನ ಫಲಕ

ಯುಗಾದಿ ಕಳೆದ ಮೂರನೆಯ ದಿನ, ಬೆಳಗಿನ ಪಾಠ ಮುಗಿದ ಮೇಲೆ, ನೇಮಿರಾಜನೆಂಬ ಶಿಷ್ಯ ಗುರುಗಳ ಮುಂದೆ ಕೂತು ಕೇಳಿದ:

"ಗುರುಗಳೇ, ಯಾವ ಕಾನೂನೂ ತಡೆಯದ ಕೆಲಸ ತಪ್ಪಾಗಲು ಸಾಧ್ಯವೇ?"

"ಯಾವ ಕೆಲಸ, ಅದನ್ನು ಹೇಳು."

ನೇಮಿರಾಜ ಹೇಳಿದ. ಅವನ ಊರಿನಲ್ಲಿ ಬಡವರಿಗಾಗಿ ನಡೆಯುವ ಕಣ್ಣಾಸ್ಪತ್ರೆಯೊಂದಿದೆ. ಅಂತರ್ಜಾಲದಲ್ಲಿ ಅದರ ವಿಳಾಸವೆಂದರೆ ಆಸ್ಪತ್ರೆಯ ಹೆಸರು, ಕೊನೆಯಲ್ಲಿ ಡಾಟ್ ಇನ್. ಅದೇ ಹೆಸರು ಡಾಟ್ ಆರ್ಗ್ ಎಂಬ ಬಾಲದೊಂದಿಗೆ ಖಾಲಿ ಇತ್ತು. ನೇಮಿರಾಜ ಅದನ್ನು ಕೊಂಡು, ಅಲ್ಲಿ ಕನ್ನಡಕ ಮತ್ತು ಕಣ್ಣಿನ ಹನಿ ಮಾರುತ್ತಿದ್ದಾನೆ. ಡಾಟ್ ಆರ್ಗ್ ಎಂದರೆ ಸೇವಾಸಂಸ್ಥೆ ಎಂದು ಜನ ತಿಳಿದಿದ್ದಾರೆ. ಆ ವಿಳಾಸ ಮಾರುವವರು ಮಾತ್ರ ಏನನ್ನೂ ವಿಚಾರಿಸುವುದಿಲ್ಲ, ಕೇಳಿದವರಿಗೆ ಕೊಡುತ್ತಾರೆ. "ಭಲೇ, ಊರ ಬಾವಿಗೆ ನಿನ್ನ ಹಗ್ಗ!" ಎಂದು ಗೆಳೆಯರು ಬೆನ್ನು ತಟ್ಟಿದ್ದರು. ಈಗ ಆಸ್ಪತ್ರೆಯವರು ಬಿಟ್ಟುಕೊಡಿ ಎನ್ನುತ್ತಿದ್ದಾರೆ. ಸಂಜೆಯೊಳಗೆ ಉತ್ತರ ಹೇಳಬೇಕು.

"ನಾನು ಕದ್ದಿಲ್ಲ. ಸುಳ್ಳು ಹೇಳಿಲ್ಲ. ಖಾಲಿ ಇತ್ತು, ತೆಗೆದುಕೊಂಡೆ" ಎಂದ. ಹೇಳುವಾಗ ಅವನ ಕಿವಿಗೆ ಆ ಮಾತು ಸರಿಯಾಗಿಯೇ ಕೇಳಿಸಿತು.

ಗುರುಗಳು ಕತೆ ಹೇಳಿದರು.

ಒಂದು ಕೋಟೆಯ ಊರಿಗೆ ಎರಡು ಬಾಗಿಲು, ಮೂಡಣದ್ದು ಮತ್ತು ಪಡುವಣದ್ದು. ಅಂಗಡಿ ಇಡುವವರು ಆಯಾ ಬಾಗಿಲಿನ ಚಾವಡಿಯಲ್ಲಿ ಹೆಸರು ಬರೆಸಿ ಫಲಕ ಹಾಕಬೇಕು. ಒಂದು ಬಾಗಿಲಲ್ಲಿ ಒಂದು ಹೆಸರು ಒಬ್ಬರಿಗೇ. ಕಟ್ಟಳೆ ಇಷ್ಟೇ. ಪಡುವಣ ಬಾಗಿಲು ಧರ್ಮಕ್ಕೆ ದುಡಿಯುವವರದು ಎಂದು ಜನ ನಂಬಿದ್ದರು. ಹಿಂದೆ ಅಲ್ಲಿ ಅನ್ನಛತ್ರ, ಅರವಟ್ಟಿಗೆ ಮಾತ್ರ ಇದ್ದವು. ಆದರೆ ಆ ಮಾತು ಕಟ್ಟಳೆಯಲ್ಲಿರಲಿಲ್ಲ.

ಮೂಡಣ ಬಾಗಿಲಲ್ಲಿ ಬೇವಿನಕಟ್ಟೆ ವೈದ್ಯಶಾಲೆ ಎಂಬ ಹೆಸರಿಟ್ಟುಕೊಂಡು ಒಬ್ಬ ವೈದ್ಯನಿದ್ದ. ಒಳ್ಳೆಯ ಕೈಗುಣ. ಹೆಸರು ಬೆಟ್ಟದ ಹಳ್ಳಿಗಳವರೆಗೂ ಹೋಗಿತ್ತು. ಇದನ್ನು ಕಂಡ ನಾರುಬೇರಿನ ವ್ಯಾಪಾರಿಯೊಬ್ಬ ಪಡುವಣ ಚಾವಡಿಗೆ ಹೋಗಿ ಅದೇ ಹೆಸರು ಕೇಳಿದ.

"ಅದು ವೈದ್ಯರ ಹೆಸರಲ್ಲವೇ, ಶೆಟ್ಟರೇ?" ಎಂದ ಚಾವಡಿಯವ.

"ಆ ಬಾಗಿಲಲ್ಲಿ ಅವರದು. ಈ ಬಾಗಿಲಲ್ಲಿ ಯಾರದು, ಹೇಳಿ ನೋಡೋಣ."

"ನಿಮ್ಮ ನಾಲಗೆಗೆ ಸುಂಕ ಹಾಕಿದ್ದರೆ ಅರಸರ ಬೊಕ್ಕಸ ತುಂಬುತ್ತಿತ್ತು" ಎಂದು ನಗುತ್ತ ಚಾವಡಿಯವ ಮುದ್ರೆ ಒತ್ತಿದ.

ಒಂದು ದಿನ ಬೆಟ್ಟದ ಕಡೆಯ ಹೆಂಗಸೊಬ್ಬಳು ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪಡುವಣ ಬಾಗಿಲಿಗೆ ಬಂದಳು.

"ಬೇವಿನಕಟ್ಟೆ ಅಂದರೆ ಇದೇ ಏನಣ್ಣಾ?"

"ಫಲಕ ತಲೆಯ ಮೇಲೇ ಇದೆಯಲ್ಲ, ತಾಯಿ."

ವ್ಯಾಪಾರಿ ತನ್ನಲ್ಲಿದ್ದ ಜ್ವರದ ಪುಡಿ ಕೊಟ್ಟ. ಅದು ಕಲಬೆರಕೆಯಲ್ಲ. ಸಾಮಾನ್ಯ ಜ್ವರಕ್ಕೆ ಆಗುವಂಥದ್ದು. ಮಗುವಿನದು ಸಾಮಾನ್ಯ ಜ್ವರವಾಗಿರಲಿಲ್ಲ. ವೈದ್ಯನಾಗಿದ್ದರೆ ನಾಡಿ ಹಿಡಿಯುತ್ತಿದ್ದ. ವ್ಯಾಪಾರಿ ತಕ್ಕಡಿ ಹಿಡಿದ.

ಅಮಾವಾಸ್ಯೆ ಕಳೆದ ಮೇಲೆ ಅವಳು ಮತ್ತೆ ಬಂದಳು. ಬೆನ್ನ ಮೇಲೆ ಮಗುವಿರಲಿಲ್ಲ. ಕೈಯಲ್ಲಿ ಪುಡಿಯ ಪೊಟ್ಟಣವಿತ್ತು.

"ಇಷ್ಟು ಉಳಿದಿತ್ತು ಅಣ್ಣಾ. ನಮ್ಮ ಕೂಸಿಗೆ ಋಣ ಇರಲಿಲ್ಲ. ವೈದ್ಯರ ಔಷಧಿ ಹಾಳಾಗಬಾರದು. ಇನ್ನೊಂದು ಕೂಸಿಗೆ ಆಗಲಿ."

ಪೊಟ್ಟಣವನ್ನು ಅವನ ಮುಂದಿಟ್ಟು, ಕೈಮುಗಿದು ಹೋದಳು.

ಅವಳು ಬೈದಿದ್ದರೆ ಅವನು ಕಟ್ಟಳೆಯ ಮಾತು ಎತ್ತುತ್ತಿದ್ದ. ಅವಳು ಬೈಯಲಿಲ್ಲ.

ಅಂದೇ ಅವನು ಫಲಕ ಇಳಿಸಿದ. ಜನ ಬರುವುದು ನಿಲ್ಲಲಿಲ್ಲ. ಬೇವಿನಕಟ್ಟೆಗೆ ಪಡುವಣ ಬಾಗಿಲಿಗೇ ಹೋಗಬೇಕೆಂಬ ಮಾತು ಬೆಟ್ಟದಲ್ಲಿ ಬಾಯಿಂದ ಬಾಯಿಗೆ ಹರಡಿಬಿಟ್ಟಿತ್ತು. ಫಲಕ ಇಳಿಸಿದಂತೆ ಅದನ್ನು ಇಳಿಸಲಾಗಲಿಲ್ಲ. ವ್ಯಾಪಾರಿ ಅಂಗಡಿ ಮುಚ್ಚಿ ಬಾಗಿಲ ಬಳಿಯೇ ಕೂತ. ಬೇವಿನಕಟ್ಟೆ ಎಲ್ಲಿ ಎಂದು ಬಂದವರನ್ನು ಊರು ದಾಟಿಸಿ ವೈದ್ಯನ ಮುಂದೆ ಬಿಟ್ಟು ಬರುತ್ತಿದ್ದ. ಹಣ್ಣು ಮುದುಕನಾಗುವವರೆಗೂ ಅವನಿಗೆ ಅದೇ ಕೆಲಸವಾಯಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ನೇಮಿರಾಜನಿಗೆ ಎದೆ ತುಸು ಹಗುರವಾಯಿತು. ಸಂಜೆ ಆಸ್ಪತ್ರೆಯವರಿಗೆ ಬಿಟ್ಟುಕೊಟ್ಟರಾಯಿತು ಎಂದುಕೊಂಡ. ತನ್ನ ಪುಟಕ್ಕೆ ಇದುವರೆಗೆ ಯಾರು ಯಾರು ಬಂದು ಹೋದರೋ ಅವನಿಗೆ ತಿಳಿದಿರಲಿಲ್ಲ.

"ಹಾಗಾದರೆ ಕೊನೆಗೆ ಅವನ ತಪ್ಪು ತೀರಿತಲ್ಲವೇ, ಗುರುಗಳೇ? ಅಷ್ಟು ಜನಕ್ಕೆ ದಾರಿ ತೋರಿಸಿದನಲ್ಲ."

"ದಾರಿ ತೋರಿಸಿದ್ದು ಸಾವಿರ ಮಂದಿಗೆ, ನೇಮೀ. ಸತ್ತ ಮಗು ಆ ಸಾವಿರದಲ್ಲಿರಲಿಲ್ಲ."