ಬ್ಯಾಡಗಿಯ ದಲಾಲ ದ್ವೀಪದಲ್ಲಿ ಮನೆ ನೋಡಿದ್ದು

ಬ್ಯಾಡಗಿಯಲ್ಲಿ ಮುರಿಗೆಪ್ಪ ಎಂಬ ಒಣಮೆಣಸಿನಕಾಯಿ ದಲಾಲನಿದ್ದ. ರೈತರು ತಂದ ಕಾಯಿಯನ್ನು ತನ್ನ ಅಂಗಡಿಯಲ್ಲಿ ಇಳಿಸಿಕೊಳ್ಳುವುದು, ಖರೀದಿದಾರರು ಹೇಳಿದ ದರವನ್ನು ರೈತನಿಗೆ ತಿಳಿಸುವುದು, "ಒಪ್ಪಿಗಿ ಐತೇನಪಾ?" ಎಂದು ಕೇಳುವುದು, ರೈತ ಹೂಂ ಎಂದರೆ ಮಾಲು ತೂಗಿಸುವುದು. ಸೋಮವಾರ ಒಂದು ಪೇಟೆ, ಗುರುವಾರ ಒಂದು ಪೇಟೆ. ಮೂವತ್ತಾರು ವರ್ಷ ಅವನು ಮಾಡಿದ್ದು ಇಷ್ಟೇ.

ಮೆಣಸಿನಕಾಯಿಯ ಘಾಟಿಗೆ ಹೊಸಬರು ಸೀನುತ್ತಾರೆ. ಮುರಿಗೆಪ್ಪನಿಗೆ ಸೀನು ನಿಂತೇ ಇಪ್ಪತ್ತು ವರ್ಷವಾಗಿತ್ತು. ಅದರ ಜಾಗದಲ್ಲಿ ದಣಿವು ಬಂದು ಕೂತಿತ್ತು. ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುವ ಹಮಾಲರು, ಮದುವೆಗೆ ಹೋದರೆ ಅಕ್ಕಿಕಾಳು ಬೀಳುವ ಮುಂಚೆಯೇ ಎದ್ದು ಬರುವ ಅವಸರ. ಮನುಷ್ಯ ಸೋತು ಸುಣ್ಣವಾಗಿದ್ದ. ನನಗೂ ಅರವತ್ತು ದಾಟಿದೆ, ಈ ಜಾತಿಯ ದಣಿವನ್ನು ನಾನು ಬಲ್ಲೆ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ. ಓದಿ ಹತ್ತು ಜನಕ್ಕೆ ಕಳಿಸಿ ಎಂದು ಮಾತ್ರ ಹೇಳುವುದಿಲ್ಲ. ಆ ಹತ್ತು ಜನರಿಗೂ ಅವರವರ ಕೆಲಸವಿರುತ್ತದೆ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ವಿದೇಶಿ ಕಂಪನಿಯೊಂದು ಮುರಿಗೆಪ್ಪನನ್ನೂ ಅವನ ಹೆಂಡತಿ ನೀಲವ್ವನನ್ನೂ ತನ್ನ ಕಾರ್ಖಾನೆ ನೋಡಲು ಕರೆಸಿಕೊಂಡಿತು. ನೋಡಿದ್ದಾಯಿತು, ಕೈ ಕುಲುಕಿದ್ದಾಯಿತು. ಕೊನೆಗೆ ಐದು ದಿನ ಆರಾಮವಾಗಿರಿ ಎಂದು ಇಬ್ಬರನ್ನೂ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪಕ್ಕೆ ಕಳಿಸಿತು. ದ್ವೀಪದ ಹೆಸರು ಬೇಡ. ಹೇಳಿದರೆ ನೀವು ಕಥೆ ಬಿಟ್ಟು ಫೋಟೋ ಹುಡುಕುತ್ತ ಕೂರುತ್ತೀರಿ.

ಅಲ್ಲಿ ಗುಡ್ಡದ ಮೇಲಿನ ಹಳ್ಳಿಯಲ್ಲಿ, ಎಂಬತ್ತು ದಾಟಿದ ದೆಸ್ಪಿನಾ ಎಂಬ ಮುದುಕಿಯ ಮನೆಯಲ್ಲಿ ಅವರಿಗೆ ಕೋಣೆ ಗೊತ್ತು ಮಾಡಿದ್ದರು. ಕಲ್ಲಿನ ಗೋಡೆ, ಮೇಲೆ ಬಿಳಿ ಸುಣ್ಣ, ಅಂಗಳದಲ್ಲಿ ದೊಡ್ಡದೊಂದು ಆಲಿವ್ ಮರ, ಕೆಳಗೆ ಕಣ್ಣು ಹಾಯುವಷ್ಟು ದೂರ ನೀಲಿ ಸಮುದ್ರ. ಮುರಿಗೆಪ್ಪನ ಫೋನಿಗೆ ಅಲ್ಲಿ ಸಿಗ್ನಲ್ ಸಿಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಊಟ ಮಾಡಿ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒರಗಿದವನು ಸಂಜೆಯವರೆಗೆ ಏಳಲಿಲ್ಲ. ನೀಲವ್ವ ಗಾಬರಿಯಾಗಿ ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.

ಎದ್ದವನೇ ಅವನು ಹೇಳಿದ: "ಕೇಳಿಲ್ಲೆ. ಈ ಮನಿ ತಗೊಳ್ಳೂಣು."

"ಯಾವ ಮನಿ?"

"ಇದ. ಮಾರಾಟಕ್ಕೈತಿ ಅಂತ ಗೇಟಿಗೆ ಬೋರ್ಡ್ ಹಾಕ್ಯಾರ. ಮೂವತ್ತಾರು ವರ್ಷದಾಗ ಇವತ್ತ ನೋಡು ನನಗ ನಿದ್ದಿ ಬಂದಿದ್ದು."

"ನಿದ್ದಿ ಮನಿಯಿಂದ ಬಂತೋ, ಫೋನ್ ಬಡಕೊಳ್ಳಲಿಲ್ಲ ಅಂತ ಬಂತೋ?" ಎಂದು ನೀಲವ್ವ ಕೇಳಿದಳು. ಮುರಿಗೆಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಆ ಊರಿನ ಮನೆ ದಲಾಲ ಬಂದ. ದಲಾಲನಿಗೇ ದಲಾಲ ಸಿಕ್ಕಿದ ಎನ್ನಿ. ಅರೆಬರೆ ಇಂಗ್ಲಿಷಿನಲ್ಲೇ ಇಬ್ಬರ ಮಾತು ನಡೆಯಿತು. ವರ್ಷದ ಬಹುಪಾಲು ಇಲ್ಲಿ ಬಿಸಿಲಿರುತ್ತದೆ, ಈ ನೋಟ ಮತ್ತೆಲ್ಲೂ ಸಿಗದು, ಮನೆ ಕೊಂಡರೆ ಇಲ್ಲಿ ಇರುವ ಪರವಾನಗಿಯೂ ಹಿಂದೆಯೇ ಬರುತ್ತದೆ ಎಂದು ಅವನು ಒಂದೇ ಸಮನೆ ಹೇಳಿದ. ಹೊರದೇಶದವರಿಗೆ ಮನೆ ಕೊಡುತ್ತಾರೆಯೇ ಎಂದು ಮುರಿಗೆಪ್ಪ ಕೇಳಿದ್ದಕ್ಕೆ, "ಅದೊಂದು ಸಣ್ಣ ಅನುಮತಿ. ನಾವಿದ್ದೇವಲ್ಲ," ಎಂದ. ಈ ಮಾತನ್ನು ಮುರಿಗೆಪ್ಪನೇ ತನ್ನ ಅಂಗಡಿಯಲ್ಲಿ ಸಾವಿರ ಸಲ ಆಡಿದ್ದ. ಆದರೂ ಇನ್ನೊಬ್ಬರ ಬಾಯಲ್ಲಿ ಅದು ಅವನಿಗೆ ಹಿತವಾಗಿ ಕೇಳಿತು. "ಶನಿವಾರ ಬೇರೆ ಗಿರಾಕಿಗಳು ನೋಡಲು ಬರುತ್ತಾರೆ," ಎಂದೂ ದಲಾಲ ಸೇರಿಸಿದ.

ಎಡವಿದ್ದು ಇಲ್ಲೇ. ಬ್ಯಾಡಗಿಯಲ್ಲಿ ಬೆಳಿಗ್ಗೆ ಇಳಿದ ಮಾಲು ಸಂಜೆಯೊಳಗೆ ಯಾರದೋ ಆಗಿಹೋಗಿರುತ್ತದೆ. ನಾಳೆ ನೋಡೋಣ ಎಂದವನಿಗೆ ನಾಳೆ ಗುಡಿಸಿದ ನೆಲ ಕಾಣುತ್ತದೆ. ಆ ಗಡಿಬಿಡಿಯಲ್ಲೇ ಬದುಕಿದ ಮುರಿಗೆಪ್ಪ ಮನೆಯನ್ನೂ ಮೆಣಸಿನಕಾಯಿ ರಾಶಿಯ ಹಾಗೆ ನೋಡಿದ. ಶನಿವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇದು ನನಗೇ ಇರಲಿ ಎಂದು ಮಾತು ಕೊಟ್ಟುಬಿಟ್ಟ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸಹಿ ಹಾಕುವುದು, ಊರಿಗೆ ಹೋಗಿ ಮುಂಗಡ ಕಳಿಸಿ ಉಳಿದ ಹಣ ಹೊಂದಿಸುವುದು ಎಂದಾಯಿತು.

ಹಣ ಹೊಂದಿಸುವುದೆಂದರೆ ಅಂಗಡಿ, ಅದರ ಪರವಾನಗಿ, ಹಿಂದಿನ ಗೋದಾಮು ಮೂರನ್ನೂ ಮಾರುವುದು. ಅದೂ ಇರುವ ಮನೆಯೂ ಬಿಟ್ಟರೆ ಅವರಿಗೆ ಬೇರೆ ಆಸ್ತಿಯಿಲ್ಲ. ಮಾರಿದ ಮೇಲೆ ಇದು ಕೈಕೊಟ್ಟರೆ ಆ ವಯಸ್ಸಿನಲ್ಲಿ ಮತ್ತೆ ಶುರು ಮಾಡಲು ಇಬ್ಬರಿಗೂ ತ್ರಾಣವಿರಲಿಲ್ಲ.

"ಅಲ್ರೀ," ಎಂದಳು ನೀಲವ್ವ, "ಇಲ್ಲಿ ಬಂದು ಕುಂತಮ್ಯಾಲೆ ಆರಾಮಿಲ್ಲಂದ್ರ ಯಾರನ್ನ ಕರೀಬೇಕು? ಡಾಕ್ಟರ್ ಮುಂದ ಯಾವ ಭಾಷಾದಾಗ ನರಳಬೇಕು? ನಾಲ್ಕ ತಿಂಗಳು ಊರಿಗೆ ಹೋದ್ರ ಈ ಮನಿ ಯಾರ್ ನೋಡ್ಕೊಳ್ಳೋರು? ನಾವು ಹೊರಗಿನವ್ರು. ನಾಳೆ ಇವ್ರು ಕಾಯ್ದೆ ಬದಲಿ ಮಾಡಿದ್ರ, ಯಾರ ಕಡೆ ಹೋಗಿ ಜಗಳಾ ಮಾಡ್ತೀರಿ?"

ಮುರಿಗೆಪ್ಪ ಹೇಳಿದ: "ನನಗ ಸಾಕಾಗೇತಿ. ಅಷ್ಟ."

"ನನಗೂ ಸಾಕಾಗೇತ್ರೀ," ಎಂದಳು ನೀಲವ್ವ. ಮೂವತ್ತಾರು ವರ್ಷ ಅವನ ತಣ್ಣಗಾದ ಊಟವನ್ನು ಮತ್ತೆ ಮತ್ತೆ ಬಿಸಿ ಮಾಡಿದವಳು ಅವಳು. ಅವಳ ದಣಿವನ್ನು ಯಾವ ಕಂಪನಿಯೂ ಕೇಳಿರಲಿಲ್ಲ.

ಬೆಳಗಾಯಿತು. ಸಹಿಗೆ ಇನ್ನೂ ಎರಡು ತಾಸಿತ್ತು. ಮುರಿಗೆಪ್ಪನಿಗೆ ಏನೋ ಇರಿಸುಮುರಿಸು. ಮಾಲಿನ ಒಡೆಯನ ಬಾಯಿಂದ ಹೂಂ ಅನ್ನಿಸಿಕೊಳ್ಳದೆ ಅವನು ಇದುವರೆಗೆ ಒಂದು ಚೀಲವನ್ನೂ ತಕ್ಕಡಿಗೆ ಏರಿಸಿದವನಲ್ಲ. ಈ ಮನೆಯ ವಿಷಯದಲ್ಲಿ ದೆಸ್ಪಿನಾಳನ್ನು ಅವನು ಒಂದು ಮಾತೂ ಕೇಳಿರಲಿಲ್ಲ. ಎದ್ದು ಅಡುಗೆಮನೆಗೆ ಹೋದ. ಅಲ್ಲಿ ದೆಸ್ಪಿನಾ ಬೇಳೆ ಆರಿಸುತ್ತಿದ್ದಳು. ನೀಲವ್ವನೂ ಎದುರಿಗೆ ಕೂತು ಕಲ್ಲು ಹೆಕ್ಕುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಆದರೂ ತಟ್ಟೆ ಅರ್ಧ ಮುಗಿದಿತ್ತು. ದೆಸ್ಪಿನಾ ಹರೆಯದಲ್ಲಿ ಹೋಟೆಲಿನಲ್ಲಿ ದುಡಿದವಳಾದ್ದರಿಂದ ಅವಳಿಗೂ ಮುರಿಗೆಪ್ಪನಷ್ಟೇ ಇಂಗ್ಲಿಷು ಬರುತ್ತಿತ್ತು.

"ಅವ್ವಾ," ಎಂದ ಮುರಿಗೆಪ್ಪ, "ನಾನು ನಿನ್ನ ಮನೆ ಕೊಳ್ಳುತ್ತಿದ್ದೇನೆ. ನಿನಗೆ ಒಪ್ಪಿಗೆಯೇ?"

ಮುದುಕಿ ಕೈ ನಿಲ್ಲಿಸಿ ಅವನನ್ನೇ ನೋಡಿದಳು.

"ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ," ಎಂದಳು. "ನನ್ನ ಅಣ್ಣತಮ್ಮಂದಿರ ಮಕ್ಕಳು ಕೇಳಲಿಲ್ಲ, ಆ ದಲಾಲನೂ ಕೇಳಲಿಲ್ಲ. ಕೂತುಕೋ ಮಗನೇ. ಕೇಳಿದ್ದೀಯ ಅಂದಮೇಲೆ ಹೇಳಬೇಕಾಗುತ್ತದೆ."

ಮುರಿಗೆಪ್ಪ ಕೂತ.

"ಈ ಮನೆ ನನ್ನದೂ ಅಣ್ಣತಮ್ಮಂದಿರ ಮಕ್ಕಳದೂ ಸೇರಿ ಹನ್ನೊಂದು ಜನರ ಹೆಸರಿನಲ್ಲಿದೆ. ಏಳು ಜನ ಒಪ್ಪಿದ್ದಾರೆ. ಇಬ್ಬರು ಸಮುದ್ರದಾಚೆ ಇದ್ದಾರೆ, ಕಾಗದಕ್ಕೆ ಉತ್ತರ ಬರೆಯುವುದಿಲ್ಲ. ಉಳಿದಿಬ್ಬರಿಗೆ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು, ಒಬ್ಬ ಸಹಿ ಹಾಕಿದರೆ ಇನ್ನೊಬ್ಬ ಹಾಕುವುದಿಲ್ಲ. ಮೊನ್ನೆ ನೀನು ಯಾವ ಮರದ ಕೆಳಗೆ ಮಲಗಿದ್ದೆಯೋ ಅದು ನನ್ನದಲ್ಲ."

"ನಿನ್ನ ಅಂಗಳದಲ್ಲೇ ಇದೆಯಲ್ಲ?"

"ನಮ್ಮಲ್ಲಿ ನೆಲ ಒಬ್ಬರದು, ಮರ ಇನ್ನೊಬ್ಬರದು ಇರುವುದುಂಟು. ನನ್ನಜ್ಜ ಮರವನ್ನು ಕೆಳಗಿನ ಕೇರಿಯವರಿಗೆ ಕೊಟ್ಟಿದ್ದ. ಚಳಿ ಶುರುವಾಗುವಾಗ ಅವರು ಕೋಲು, ಬಲೆ ತಂದು ಕಾಯಿ ಬಡಿದುಕೊಂಡು ಹೋಗುತ್ತಾರೆ. ಬೇಡ ಎನ್ನುವ ಹಕ್ಕು ನನಗಿಲ್ಲ. ನಿನಗೂ ಇರುವುದಿಲ್ಲ. ಬಾವಿಯ ನೀರೂ ಅರ್ಧ ಅವರದ್ದೇ."

"ಅನುಮತಿ ಸಣ್ಣದು ಅಂದನಲ್ಲ ದಲಾಲ?"

"ನಿನಗಿಂತ ಮುಂಚೆ ಉತ್ತರದ ದೇಶದವನೊಬ್ಬ ಬಂದಿದ್ದ. ಒಳ್ಳೆಯ ಮನುಷ್ಯ. ಮುಂಗಡ ಕೊಟ್ಟ, ತನ್ನ ಖರ್ಚಿನಲ್ಲೇ ಮನೆಯ ಮಾಡು ರಿಪೇರಿ ಮಾಡಿಸಿದ. ಅನುಮತಿಗೆ ಆರು ವರ್ಷ ಕಾದ. ಆರು ವರ್ಷವೂ ಇನ್ನೊಂದು ಕಾಗದ ಬೇಕು ಎಂದರು. ಒಂದು ಚಳಿಗಾಲ ಗಾಳಿ ನಿಲ್ಲಲೇ ಇಲ್ಲ, ಬಸ್ಸೂ ಬರಲಿಲ್ಲ. ಗಾಳಿ ನಿಂತ ದಿನ ಅವನು ಹೊರಟುಹೋದ. ಮತ್ತೆ ಬರಲಿಲ್ಲ."

ನೀಲವ್ವ, "ಏನ್ ಅಂತಾಳ್ರೀ?" ಎಂದಳು. ಮುರಿಗೆಪ್ಪ ಒಂದೊಂದಾಗಿ ಹೇಳಿದ. ಹೇಳುತ್ತ ಹೋದ ಹಾಗೆ ಅವನ ದನಿ ಕುಗ್ಗಿತು.

"ಅವ್ವಾ, ಮತ್ತೆ ನೀನು ಯಾಕೆ ಮಾರುತ್ತಿದ್ದೀ?"

"ಸಾಕಾಗಿದೆ ಮಗನೇ," ಎಂದಳು ದೆಸ್ಪಿನಾ. "ಅರವತ್ತು ವರ್ಷದಿಂದ ಈ ಮನೆ ನನ್ನನ್ನು ಕೂರಲು ಬಿಟ್ಟಿಲ್ಲ. ಸಮುದ್ರದ ಗಾಳಿಗೆ ಸುಣ್ಣ ಉದುರುತ್ತದೆ, ಪ್ರತಿ ವರ್ಷ ಬಳಿಯಬೇಕು. ಮಾಡು ಸೋರುತ್ತದೆ, ಮೆಟ್ಟಿಲು ಕಿತ್ತುಬರುತ್ತದೆ. ಪಟ್ಟಣದಲ್ಲಿ ನನ್ನ ತಂಗಿ ಎರಡು ಕೋಣೆಯ ಮನೆಯಲ್ಲಿದ್ದಾಳೆ. ಲಿಫ್ಟ್ ಇದೆ. ಅಲ್ಲಿಗೆ ಹೋಗಿ ಒಂದು ಮಧ್ಯಾಹ್ನವಾದರೂ ನೆಮ್ಮದಿಯಾಗಿ ಮಲಗಬೇಕು ಅನ್ನಿಸುತ್ತದೆ."

ಮುರಿಗೆಪ್ಪ ನಿದ್ದೆಗಾಗಿ ಕೊಳ್ಳಲು ಬಂದ ಮನೆಯನ್ನು ಇವಳು ನಿದ್ದೆಗಾಗಿಯೇ ಮಾರುತ್ತಿದ್ದಳು. ಈ ಮುದುಕಿ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೈಗೆ ಮುಂಗಡವಾದರೂ ಬರುತ್ತಿತ್ತು ಎಂಬುದೂ ಅವನಿಗೆ ಹೊಳೆಯಿತು. ಕಣ್ಣಲ್ಲಿ ನೀರು ಬಂತು. ಅಂಗಡಿಯಲ್ಲಿ ಬರುವ ಕಣ್ಣೀರೇ ಬೇರೆ, ಇದೇ ಬೇರೆ.

"ನಾನು ಕೊಳ್ಳುವುದಿಲ್ಲ ಅವ್ವಾ. ನಿನಗೆ ನಷ್ಟ ಮಾಡಿದೆ."

"ನೀನಲ್ಲದಿದ್ದರೆ ಇನ್ನೊಬ್ಬ ಬರುತ್ತಾನೆ. ಕಾಯುವುದು ನನಗೆ ರೂಢಿಯಾಗಿದೆ," ಎಂದು ಅವಳು ಮತ್ತೆ ಬೇಳೆಗೆ ಕೈ ಹಾಕಿದಳು. ಅವಳಿಗೆ ಬೇಸರವಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಏನೋ ನೆನಪಾದವಳಂತೆ ತಲೆಯೆತ್ತಿದಳು. "ಅಲ್ಲ, ಮಲಗುವುದಕ್ಕೆ ಮನೆ ಕೊಳ್ಳಬೇಕಾ? ವರ್ಷಕ್ಕೊಂದು ತಿಂಗಳು ಬಾ, ಇದೇ ಕೋಣೆಯಲ್ಲಿರು, ಹೋಗು. ಸೋರುವ ಮಾಡಿನ ಚಿಂತೆ ನನಗಿರಲಿ."

"ಏನ್ ಅಂದ್ಲು?" ಎಂದಳು ನೀಲವ್ವ.

"ವರ್ಷಕ್ಕೊಂದ್ ತಿಂಗಳು ಬಂದು ಇದ್ದು ಹೋಗು ಅಂತಾಳ. ಹುಚ್ಚಿ. ತಿಂಗಳ ಅಂದ್ರ ಎಂಟ ಪ್ಯಾಟಿ. ಒಂದ್ ಗುರುವಾರ ನಾ ಇಲ್ಲಂದ್ರ ಅಲ್ಲಿ ನಡೀತೈತೇನು? ಒಂದ್ ದಿವ್ಸ ಅಂಗಡಿ ಬಿಡಾಕ ಆಗಂಗಿಲ್ಲ ನನಗ."

ನೀಲವ್ವ ತಟ್ಟೆ ಕೆಳಗಿಟ್ಟಳು.

"ಒಂದ್ ದಿವ್ಸ ಬಿಡಾಕ ಆಗದ ಅಂಗಡೀನ ಪೂರಾ ಮಾರಾಕ ನಿಂತಿದ್ರೆಲ್ರೀ," ಎಂದಳು. ಕೋಪದಿಂದೇನೂ ಅಲ್ಲ, ತೀರ ಮೆತ್ತಗೆ. "ಬಾಗಲಾ ಹಾಕೋದು ಒಂದ್ ಕೆಲಸ ನೀವು ಕಲೀಲಿಲ್ಲ. ಅದಕ್ಕ ಸಮುದ್ರ ದಾಟಿ ಮನಿ ಹುಡುಕಾಕ ಹತ್ತೀರಿ. ಇಲ್ಲಿ ಬಂದು ಕುಂತ್ರೂ ಸುಣ್ಣ ಬಳ್ಯಾಕ ಓಡ್ತೀರಿ, ಕಚೇರಿಗೆ ಓಡ್ತೀರಿ. ಆವಾಗೂ ನಾ ಅನ್ನ ಬಿಸಿ ಮಾಡ್ಕೋತ ಕುಂದ್ರೂದ."

ಮುರಿಗೆಪ್ಪ ಆ ತಟ್ಟೆ ಎಳೆದುಕೊಂಡು ತಾನೇ ಕಲ್ಲು ಹೆಕ್ಕತೊಡಗಿದ.

ಹತ್ತಕ್ಕೆ ಬಂದ ದಲಾಲನನ್ನು ಬರಿಗೈಲಿ ಕಳಿಸಿದ್ದಾಯಿತು. ಅವನು ಮುಖ ಸಿಂಡರಿಸಿಕೊಂಡು, ಶನಿವಾರದ ಗಿರಾಕಿಗಳಿಗೆ ಫೋನು ಮಾಡುತ್ತೇನೆಂದು ಹೋದ. ಅವರು ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ದೆಸ್ಪಿನಾ ಪಟ್ಟಣ ಸೇರಿದಳೋ ಎಂಬುದೂ ಗೊತ್ತಿಲ್ಲ. ಸೇರಿರಲಿ ಎಂಬುದು ನನ್ನ ಆಸೆ.

ಊರಿಗೆ ಬಂದ ಮೊದಲ ಗುರುವಾರ ಮುರಿಗೆಪ್ಪ ಪೇಟೆಗೆ ಹೋಗಲಿಲ್ಲ. ಅಂಗಡಿಯ ಬೀಗದ ಕೈಯನ್ನು ಗುಮಾಸ್ತನ ಕೈಗಿತ್ತು ಮನೆಯಲ್ಲೇ ಉಳಿದ. ಒಂಬತ್ತು ಗಂಟೆಗೆ ಒಮ್ಮೆ ಚಪ್ಪಲಿ ಮೆಟ್ಟಿದ, ನೀಲವ್ವ ನೋಡಿದ ಮೇಲೆ ಬಿಟ್ಟ. ಸಂಜೆ ಗುಮಾಸ್ತ ಬಂದು, ಮಾಲೆಲ್ಲ ಹೋಯಿತು, ರೈತರು ಒಳ್ಳೆಯ ದರಕ್ಕೆ ಒಪ್ಪಿದರು, ಯಾರೂ ನಿಮ್ಮನ್ನು ಕೇಳಲಿಲ್ಲ ಎಂದು ಸಂತೋಷದಿಂದ ಹೇಳಿದ. ಆ ಕೊನೆಯ ಮಾತು ಮುರಿಗೆಪ್ಪನಿಗೆ ಮುಳ್ಳಿನಂತೆ ಚುಚ್ಚಿತು. ತಾನಿಲ್ಲದಿದ್ದರೆ ಬ್ಯಾಡಗಿ ಪೇಟೆಯೇ ನಿಲ್ಲುತ್ತದೆ ಎಂದು ನಂಬಿ ಮೂವತ್ತಾರು ವರ್ಷ ಒದ್ದಾಡಿದ ಮನುಷ್ಯ. ಗುಮಾಸ್ತ ಹೋದ ಮೇಲೆ ಒಳಗೆ ಹೋಗಿ, "ಊಟಕ್ಕ ಹಾಕ್ತೀಯೇನು?" ಎಂದ. ಅವತ್ತು ಇಬ್ಬರೂ ಒಟ್ಟಿಗೆ ಕೂತು ಬಿಸಿ ರೊಟ್ಟಿ ತಿಂದರು.

ನೀತಿ: ದಣಿದವನಿಗೆ ಬೇಕಾದದ್ದು ಬಿಡುವು. ಅದು ಯಾವ ದೇಶದಲ್ಲೂ ಮಾರಾಟಕ್ಕೆ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಬಾರದವನು ಪರದೇಶದಲ್ಲಿ ಮನೆ ಕೊಂಡರೆ ತನ್ನ ದಣಿವಿಗೆ ಇನ್ನೊಂದು ವಿಳಾಸ ಮಾಡಿಕೊಟ್ಟಂತೆ. ಇಷ್ಟಾದರೂ ಕೊಳ್ಳಲೇಬೇಕು ಎನ್ನುವವರು, ಸಹಿ ಹಾಕುವ ಮೊದಲು ಮನೆಯ ಒಡೆಯರನ್ನೇ ಕಂಡು, ಯಾಕೆ ಮಾರುತ್ತಿದ್ದೀರಿ ಎಂದು ಕೇಳಿ. ಅವರು ಹೇಳುವವರೆಗೆ ಎದ್ದು ಬರಬೇಡಿ.