ಈರಭದ್ರ ಸರ್ವರ್‌ನಲ್ಲಿ ಜಾಗ ಮಾಡಿದ್ದು

ಒಂದೂರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಸಣ್ಣತಾಯಮ್ಮ, ಮಗ ಈರಭದ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಸಂಕಟ.

"ಇದೊಂದು ಕೆಲಸನಾದ್ರೂ ಉಳಿಸ್ಕೊಳ್ಳೋ, ನನ್ನಪ್ಪ!" ಅಂತ ಅವನನ್ನು ರೇಷ್ಮೆಗೂಡಿನ ಮಾರುಕಟ್ಟೆಗೆ ಕಳಿಸಿದಳು.

ಕೆಲಸ ಏನು? ಹರಾಜಿನ ವಿವರವೆಲ್ಲ ಇರುವ ಸರ್ವರ್ ನೋಡಿಕೊಳ್ಳುವುದು. ತಣ್ಣನೆಯ ಕೋಣೆ, ಕಿಟಕಿ ಇಲ್ಲ. ಹೊರಗೆ ಜನರ ಗದ್ದಲ, ಒಳಗೆ ಫ್ಯಾನಿನ ಗುಂಯ್. ಸೇರಿ ವರ್ಷ ಕಳೆದರೂ ಅವನೊಂದಿಗೆ ಮಾತಾಡುತ್ತಿದ್ದದ್ದು ಪರದೆ ಒಂದೇ: 'ಡಿಸ್ಕ್ ತುಂಬುತ್ತಿದೆ.' ಅದರ ಪಟ್ಟಿ ಕೆಂಪಾಗಿತ್ತು.

ಸಾಹೇಬರು ಗುರುಮಲ್ಲಪ್ಪ ಬಾಗಿಲಲ್ಲೇ ನಿಂತು, "ರೀಸೈಕಲ್ ಬಿನ್ ಖಾಲಿ ಮಾಡಯ್ಯ!" ಅಂದರು.

ಮಾಡಿದ. ತೂಕದ ಗುಮಾಸ್ತೆ ಪುಟ್ಟಗೌರಮ್ಮ ಓಡಿಬಂದಳು. "ಅಯ್ಯೋ ಪಾಪಿ! ತೂಕದ ಚೀಟಿ ಎಲ್ಲ ಅಲ್ಲೇ ಇಡ್ತಿದ್ದೆ! ಬೇಗ ಸಿಗುತ್ತೆ ಅಂತ!"

ಸಂಜೆ ಮನೆಯಲ್ಲಿ ತಾಯಿ ಬೈದಳು. "ಮಂಕೇ! ಎಸೆಯೋ ಮುಂಚೆ ಕೇಳ್ಬೇಕು ಕಣೋ!"

"ಕೇಳ್ತೀನಮ್ಮ."

ಮರುದಿನ ಸಾಹೇಬರು, "ಟೆಂಪ್ ಫೈಲೆಲ್ಲ ಅಳಿಸು, ಬರೀ ತಾತ್ಕಾಲಿಕದ್ದು" ಅಂದರು. ಒಂದೊಂದು ಫೈಲಿಗೂ ಈರಭದ್ರ ಹರಾಜಿನ ಕಟ್ಟೆಗೆ ಓಡಿದ.

"ಸಾರ್, ಇದು ಬೇಡವಾ?"

"ಬೇಡ!"

"ಇದು?"

"ಬೇಡ!"

"ಇದು ಸಾರ್?"

"ತೊಲಗಯ್ಯ ಆಚೆ!"

ಅಷ್ಟು ಮಾತು ಅವನೊಂದಿಗೆ ಅಲ್ಲಿ ಯಾರೂ ಆಡಿರಲಿಲ್ಲ. ಖುಷಿಯಾಗಿಯೇ ಓಡಿದ್ದ.

ತಾಯಿ ಹಣೆ ಚಚ್ಚಿಕೊಂಡಳು. "ಎಲ್ಲಾನೂ ಕೇಳ್ತಾರೇನೋ! ಅನುಮಾನ ಬಂದ್ರೆ ಸ್ವಲ್ಪ ತೆಗೆದಿಟ್ಕೋ. ಬಿತ್ತೋ ಮುಂಚೆ ನಾನು ಬೀಜ ತೆಗೆದಿಡಲ್ವಾ?"

"ತೆಗೆದಿಡ್ತೀನಮ್ಮ."

ಅವನಿಗೆ ಎಲ್ಲದರ ಮೇಲೂ ಅನುಮಾನ. ಎಲ್ಲದಕ್ಕೂ ಒಂದೊಂದು ನಕಲು ಮಾಡಿ ತನ್ನ ಖಾತೆಯಲ್ಲಿ ಇಟ್ಟ. ಆ ಖಾತೆ ಇದ್ದದ್ದೂ ಅದೇ ಡಿಸ್ಕ್‌ನಲ್ಲಿ! ಪಟ್ಟಿ ತುದಿ ಮುಟ್ಟಿತು. ಹರಾಜು ನಿಂತಿತು. ಗೂಡಿನ ಬುಟ್ಟಿ ಹೊತ್ತ ರೈತರು ಕೂಗಾಡಿದರು.

"ನಾಳೆ ಆ ಕೆಂಪು ಹೋಗಬೇಕು," ಅಂದರು ಸಾಹೇಬರು. "ಇಲ್ಲಾಂದ್ರೆ ನೀನು ಹೋಗ್ತೀಯ!"

ತಾಯಿಗೆ ಅಳುವೇ ಬಂತು. "ಅಟ್ಟದ ಮೇಲಿನ ಪಾತ್ರೆ ನಾನೇನ್ ಮಾಡ್ತೀನೋ? ವರ್ಷವಾದ್ರೂ ಯಾರೂ ವಿಚಾರಿಸಲಿಲ್ಲ ಅಂದ್ರೆ ಎತ್ತಿ ಬಿಸಾಡ್ತೀನಿ. ಹಾಗೆ ಮಾಡು!"

"ಮಾಡ್ತೀನಮ್ಮ."

ಸರ್ವರ್‌ನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಖಾತೆ. ಈರಭದ್ರ ಒಂದೊಂದೇ ಹೆಸರು ನೋಡಿದ. ಪುಟ್ಟಗೌರಮ್ಮನನ್ನು ರೈತರು ವಿಚಾರಿಸುತ್ತಾರೆ. ಸಾಹೇಬರನ್ನು ಎಲ್ಲರೂ ವಿಚಾರಿಸುತ್ತಾರೆ. ಕಾವಲಿನವನನ್ನೂ ಯಾರೋ ಚಹಾಕ್ಕೆ ಕರೆಯುತ್ತಾರೆ. ಕೊನೆಯಲ್ಲಿ ಒಂದು ಹೆಸರು ಉಳಿಯಿತು. ವರ್ಷದಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ.

ಅಳಿಸಿದ.

ಪಟ್ಟಿ ನೀಲಿಯಾಯಿತು. ಹರಾಜು ಶುರುವಾಯಿತು.

"ಜಾಗ ಆಯ್ತಮ್ಮ! ನನ್ನನ್ನೇ ತೆಗೆದೆ."

ತಾಯಿ ಕುಸಿದಳು. "ನಾನು ದಿನಾ ವಿಚಾರಿಸ್ತೀನಲ್ಲೋ!"

"ನೀನು ಇಲ್ಲಿ ವಿಚಾರಿಸ್ತೀಯ. ಅಲ್ಲಿ ಯಾರೂ ಇಲ್ಲವಲ್ಲಮ್ಮ."

ಅವಳು ಕಣ್ಣೊರೆಸಿಕೊಂಡಳು. "ಬೆಳಿಗ್ಗೆ ಹೋಗಿ ಸಾಹೇಬರನ್ನ ಕಾಣು. ಸುಳ್ಳು ಹೇಳಬೇಡ. ಇದ್ದದ್ದು ಇದ್ದ ಹಾಗೇ ಹೇಳು. ಮತ್ತೆ ಸೇರಿಸ್ಕೋತಾರೆ."

"ಹೇಳ್ತೀನಮ್ಮ."

ಬೆಳಿಗ್ಗೆ ಹೋದ. ಬಾಗಿಲ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದ. ಅದು ಸರ್ವರ್‌ನಲ್ಲಿ ಹುಡುಕಿತು. ಅವನ ಹೆಸರು ಸಿಗಲಿಲ್ಲ, ಬಾಗಿಲು ತೆರೆಯಲಿಲ್ಲ. ಕೈಯಿಂದ ಬಡಿದ.

ಒಳಗಿಂದ ಸಾಹೇಬರು ಕೇಳಿದರು: "ಯಾರದು?"

ಇದ್ದದ್ದು ಇದ್ದ ಹಾಗೇ ಹೇಳಬೇಕಲ್ಲ!

"ಯಾರೂ ಇಲ್ಲ ಸಾರ್."

"ಮತ್ತೆ ಯಾಕಯ್ಯ ಬಡೀತೀಯ!" ಅಂತ ಸಾಹೇಬರು ಹರಾಜಿನ ಕಡೆ ನಡೆದರು.

ಈರಭದ್ರ ಬಡಿಯುವುದನ್ನು ನಿಲ್ಲಿಸಿದ.